ಟೆಕ್ಸಾಸ್ ಕತ್ತಲಾಗಿದ್ದು ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದರಿಂದಲೇ? ಇಲ್ಲಿದೆ ನಿಜಾಂಶ

ಸಂದೇಶದಲ್ಲಿ ಏನಿದೆ?
ಮಂಜುಗಡ್ಡೆ ಮೆತ್ತಿಕೊಂಡ ಗಾಳಿಯಂತ್ರಕ್ಕೆ ಹೆಲಿಕಾಪ್ಟರ್‌ನಿಂದ ನೀರು ಸಿಂಪಡಿಸುತ್ತಿರುವ ಫೋಟೊ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಕತ್ತಲಾಗಲು ಇಂಥ ಯಂತ್ರಗಳೇ ಕಾರಣ, ಗಾಳಿ ಮತ್ತು ಸೌರ ವಿದ್ಯುತ್ತನ್ನು ನಂಬಬಾರದು ಎಂಬುದು ಅದರ ವಾದ.

ಫೋಟೊ ಎಲ್ಲಿಯದು?
ಇದು ಟೆಕ್ಸಾಸ್‌ನದ್ದಲ್ಲ. ಸ್ವೀಡನ್‌ನಲ್ಲಿ ಅದಕ್ಕೂ ಹಲವು ವರ್ಷಗಳ ಹಿಂದೆ ತೆಗೆದದ್ದು.

ನಿಜಕ್ಕೂ ಆಗಿದ್ದೇನು?
ಗಾಳಿಯಂತ್ರಗಳು ನಿಂತಿದ್ದು ಹೌದು. ಆದರೆ ಅವು ಮಾತ್ರ ನಿಲ್ಲಲಿಲ್ಲ. ಟೆಕ್ಸಾಸ್ ಮತ್ತು ಸುತ್ತಲಿನ ರಾಜ್ಯಗಳಲ್ಲಿ ಆ ಚಳಿಗೆ ಕೈಕೊಟ್ಟ ಘಟಕಗಳಲ್ಲಿ ಶೇ 58ರಷ್ಟು ನೈಸರ್ಗಿಕ ಅನಿಲದವು, ಶೇ 27ರಷ್ಟು ಗಾಳಿಯವು ಎಂದು ಅಲ್ಲಿನ ಕೇಂದ್ರ ನಿಯಂತ್ರಣ ಸಂಸ್ಥೆಗಳ ತನಿಖೆ ಹೇಳಿದೆ. ಅನಿಲ ಬಾವಿಗಳೇ ಹೆಪ್ಪುಗಟ್ಟಿದವು. ಲೋಡ್ ಶೆಡ್ಡಿಂಗ್‌ನಿಂದ ಕೆಲವು ಅನಿಲ ಕೇಂದ್ರಗಳಿಗೇ ಕರೆಂಟ್ ಹೋಗಿ, ವಿದ್ಯುತ್ ಸ್ಥಾವರಗಳಿಗೆ ಅನಿಲ ಇನ್ನಷ್ಟು ಕಡಿಮೆಯಾಯಿತು.

ಅಷ್ಟು ಅವಸರದ ಲೋಡ್ ಶೆಡ್ಡಿಂಗ್ ಯಾಕೆ?
ಗ್ರಿಡ್‌ನಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿದೂಗಬೇಕು. ಉತ್ಪಾದನೆ ಕುಸಿದರೆ ಫ್ರೀಕ್ವೆನ್ಸಿ ಇಳಿಯುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್ ಇರಬೇಕು. ಫೆಬ್ರವರಿ 15ರ ನಸುಕಿನಲ್ಲಿ 4 ನಿಮಿಷಕ್ಕೂ ಹೆಚ್ಚು ಕಾಲ 59.4ಕ್ಕಿಂತ ಕೆಳಗಿತ್ತು. 9 ನಿಮಿಷ ಹಾಗೇ ಉಳಿದಿದ್ದರೆ ಸ್ಥಾವರಗಳು ತಾವಾಗಿಯೇ ಬೇರ್ಪಟ್ಟು ಇಡೀ ಗ್ರಿಡ್ ಕುಸಿಯುವ ಅಪಾಯವಿತ್ತು. ಅದನ್ನು ತಪ್ಪಿಸಲು ಲಕ್ಷಾಂತರ ಮನೆಗಳ ಕರೆಂಟ್ ತೆಗೆಯಲಾಯಿತು. ಈ ಚಳಿಗಾಳಿಯಿಂದ ಸತ್ತವರು 246 ಮಂದಿ ಎಂದು ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿದೆ.

ಬೆಲೆ ಏರಿಸಿದರೂ ಕರೆಂಟ್ ಯಾಕೆ ಬರಲಿಲ್ಲ?
ಟೆಕ್ಸಾಸ್‌ನ ಸಗಟು ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮಾರಿದ ವಿದ್ಯುತ್ತಿಗಷ್ಟೇ ಹಣ. ಕಷ್ಟಕಾಲಕ್ಕೆಂದು ಸ್ಥಾವರವನ್ನು ಸಿದ್ಧವಾಗಿಟ್ಟರೆ ಅದಕ್ಕೆ ಆಗ ಬಹುಮಟ್ಟಿಗೆ ಪ್ರತ್ಯೇಕ ಹಣವಿರಲಿಲ್ಲ. ಕೊರತೆ ಬಂದಾಗ ಬೆಲೆ ಏರುತ್ತದೆ, ಆ ಆಸೆಗೆ ಎಲ್ಲರೂ ಉತ್ಪಾದಿಸುತ್ತಾರೆ ಎಂಬುದು ಲೆಕ್ಕಾಚಾರ. ನಿಯಂತ್ರಣ ಆಯೋಗವೇ ಬೆಲೆಯನ್ನು ಗರಿಷ್ಠ ಮಿತಿಗೆ ಏರಿಸಿತು: ಯೂನಿಟ್‌ಗೆ 9 ಡಾಲರ್, ಆಗಿನ ವಿನಿಮಯ ದರದಲ್ಲಿ ಸುಮಾರು 650 ರೂಪಾಯಿ. ಆದರೆ ಪೈಪಿನಲ್ಲಿ ಅನಿಲವೇ ಇಲ್ಲದಿದ್ದರೆ ದುಡ್ಡು ಸುರಿದರೂ ಕರೆಂಟ್ ಬರುವುದಿಲ್ಲ. ಸಗಟು ದರಕ್ಕೆ ಜೋಡಿಸಿದ ಪ್ಲಾನ್ ತೆಗೆದುಕೊಂಡಿದ್ದ ಗ್ರಾಹಕರಿಗೆ ಸಾವಿರಾರು ಡಾಲರ್ ಬಿಲ್ ಬಂತು.

ಇನ್ನೊಂದು ಕಾರಣ, ಟೆಕ್ಸಾಸ್ ಗ್ರಿಡ್ ಬಹುಮಟ್ಟಿಗೆ ಒಂಟಿ. ನೆರೆರಾಜ್ಯಗಳಿಂದ ತರಿಸಲು ಇದ್ದ ಲೈನ್‌ಗಳು ಚಿಕ್ಕವು.

ನಮ್ಮಲ್ಲಿ ಹೇಗೆ?
ದಕ್ಷಿಣ ಭಾರತದ ಗ್ರಿಡ್ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ದೇಶದ ಉಳಿದ ಗ್ರಿಡ್‌ಗೆ ಸೇರಿತು. ಹಾಗಾಗಿ ಕರ್ನಾಟಕದಲ್ಲಿ ಕೊರತೆಯಾದರೆ ಉತ್ತರದಿಂದಲೂ ತರಿಸಬಹುದು. ಆದರೆ ಲೈನ್ ಇದ್ದರೆ ಸಾಲದು, ಆ ಹೊತ್ತಿಗೆ ಅಲ್ಲಿ ಹೆಚ್ಚುವರಿ ವಿದ್ಯುತ್ತೂ ಇರಬೇಕು.

ತೀರ್ಪು: ದಾರಿ ತಪ್ಪಿಸುವ ಸಂದೇಶ
ಟೆಕ್ಸಾಸ್‌ನಲ್ಲಿ ಸೋತಿದ್ದು ಒಂದು ಬಗೆಯ ಇಂಧನವಲ್ಲ, ಚಳಿಗೆ ಮಾಡಿಕೊಳ್ಳದ ತಯಾರಿ. 2011ರ ಚಳಿಯಲ್ಲೇ ಇದರ ಎಚ್ಚರಿಕೆ ಸಿಕ್ಕಿತ್ತು. ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸುವುದನ್ನು ಕಡ್ಡಾಯ ಮಾಡುವ ಕಾನೂನು ಬಂದಿದ್ದು 2021ರ ಅನಾಹುತದ ನಂತರ. ಈ ಫೋಟೊ ನಿಮ್ಮ ಗ್ರೂಪಿಗೆ ಬಂದರೆ, ಜೊತೆಗೆ ಇದನ್ನೂ ಕಳಿಸಿ.