340 ನ್ಯಾನೋಮೀಟರ್‌ನಲ್ಲಿ ದಾರಿತಪ್ಪಿದ ಬೆಳಕು

ಕಿಣ್ವಗಳ ಚಟುವಟಿಕೆ ಅಳೆಯುವವರು ಸ್ಪೆಕ್ಟ್ರೋಫೋಟೋಮೀಟರನ್ನು ಹೆಚ್ಚಾಗಿ ದುಡಿಸಿಕೊಳ್ಳುವ ತರಂಗಾಂತರಗಳಲ್ಲಿ 340 ನ್ಯಾನೋಮೀಟರ್ ಒಂದು. ಎನ್‌ಎಡಿಎಚ್ ಎಂಬ ಸಹಕಿಣ್ವ ಇಲ್ಲಿ ಬೆಳಕು ಹೀರುತ್ತದೆ, ಅದರ ಉತ್ಕರ್ಷಿತ ರೂಪ ಹೀರುವುದಿಲ್ಲ. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವವು ಪೈರುವೇಟನ್ನು ಲ್ಯಾಕ್ಟೇಟ್ ಆಗಿ ಮಾರ್ಪಡಿಸುತ್ತಿದ್ದಂತೆ ಎನ್‌ಎಡಿಎಚ್ ಖರ್ಚಾಗಿ ಅಬ್ಸಾರ್ಬೆನ್ಸ್ ಇಳಿಯುತ್ತದೆ; ಇಳಿಯುವ ವೇಗವೇ ಕಿಣ್ವದ ಅಳತೆ. ಹೊರೆಕರ್ ಮತ್ತು ಕಾರ್ನ್‌ಬರ್ಗ್ 1948ರಲ್ಲಿ ಎನ್‌ಎಡಿಎಚ್‌ಗೆ ಕೊಟ್ಟ ಮೋಲಾರ್ ಹೀರಿಕೆ ಗುಣಾಂಕ 6,220. ಅದರಂತೆ 0.1 ಮಿಲಿಮೋಲಾರ್ ದ್ರಾವಣವು 1 ಸೆಂ.ಮೀ. ಕ್ಯುವೆಟ್‌ನಲ್ಲಿ 0.622 ತೋರಿಸಬೇಕು.

ಸಾಂದ್ರತೆ ಇನ್ನೂ ಏರಿದಾಗ ಈ ಲೆಕ್ಕ ಕೈಕೊಡುತ್ತದೆ. ಉಪಕರಣ ಅಳೆಯುವುದು ಬೆಳಕನ್ನು. ಅಬ್ಸಾರ್ಬೆನ್ಸ್ ಎಂಬುದು ಬ್ಲ್ಯಾಂಕ್ ಮತ್ತು ಸ್ಯಾಂಪಲ್ ದಾಟಿ ಬಂದ ಬೆಳಕಿನ ಅನುಪಾತದಿಂದ ಲೆಕ್ಕ ಹಾಕಿದ ಲಾಗ್. ರೀಡಿಂಗ್ 1 ಇದ್ದರೆ ಶೇ. 10ರಷ್ಟು ಬೆಳಕು ದಾಟಿದೆ, 2 ಇದ್ದರೆ ಶೇ. 1ರಷ್ಟು ಮಾತ್ರ. ತರಂಗಾಂತರವನ್ನು ಆರಿಸಿಕೊಡುವ ಮಾನೋಕ್ರೊಮೇಟರ್‌ನಿಂದ ನುಸುಳಿದ ಬೇರೆ ತರಂಗಾಂತರದ ಬೆಳಕನ್ನು ಸ್ಯಾಂಪಲ್ ಹೀರದೆ ಬಿಟ್ಟುಬಿಡುತ್ತದೆ, ಡಿಟೆಕ್ಟರ್ ಅದನ್ನೂ ಎಣಿಸುತ್ತದೆ. ಟಂಗ್‌ಸ್ಟನ್ ದೀಪಕ್ಕೆ 340ರಲ್ಲಿ ಕಸುವು ಕಡಿಮೆ, ಆದರೆ ಕಣ್ಣಿಗೆ ಕಾಣುವ ಬೆಳಕನ್ನು ಧಾರಾಳವಾಗಿ ಕೊಡುತ್ತದೆ. ಡ್ಯುಟೀರಿಯಂ ದೀಪವಿಲ್ಲದ ಉಪಕರಣಗಳಲ್ಲಿ ಈ ಕಾರಣಕ್ಕೇ ತೊಂದರೆ ಹೆಚ್ಚು.

ನುಸುಳು ಬೆಳಕು ಶೇ. 1ರಷ್ಟಿದೆ ಎಂದಿಟ್ಟುಕೊಳ್ಳೋಣ. ನಿಜವಾದ ಅಬ್ಸಾರ್ಬೆನ್ಸ್ 2.2ರಿಂದ 2.0ಕ್ಕೆ ಇಳಿದಾಗ ಪರದೆಯಲ್ಲಿ ಕಾಣುವುದು 1.79ರಿಂದ 1.70. ಅಂದರೆ 0.20ರ ಇಳಿತ 0.09 ಆಗಿ ದಾಖಲಾಗುತ್ತದೆ. ಕಿಣ್ವದ ಚಟುವಟಿಕೆ ಅರ್ಧಕ್ಕಿಂತ ಕಡಿಮೆಯಾಗಿ ವರದಿಯಾಗುತ್ತದೆ. ಅದೇ ಉಪಕರಣದಲ್ಲಿ 0.6ರಿಂದ 0.4ಕ್ಕೆ ಇಳಿದರೆ 0.194 ಸಿಗುತ್ತದೆ, ತಪ್ಪು ಶೇ. 3ರ ಆಸುಪಾಸು. ಕಳವಳದ ಸಂಗತಿಯೆಂದರೆ, ಮೊದಲ ಸಂದರ್ಭದಲ್ಲೂ ರೇಖೆ ನೇರವಾಗಿಯೇ ಇದ್ದಂತೆ ಕಾಣುತ್ತದೆ, ಮತ್ತೆ ಮತ್ತೆ ಅಳೆದರೂ ಅದೇ ಉತ್ತರ ಬರುತ್ತದೆ. ಪುನರಾವರ್ತನೆಯಿಂದ ಈ ದೋಷ ಬಯಲಾಗುವುದಿಲ್ಲ.

ಬಯಲು ಮಾಡುವ ವಿಧಾನ ಸುಲಭದ್ದು. ಲೀಟರಿಗೆ 50 ಗ್ರಾಂ ಸೋಡಿಯಂ ನೈಟ್ರೈಟ್ ಕರಗಿಸಿದ ದ್ರಾವಣ 340ರಲ್ಲಿ ಬಹುಮಟ್ಟಿಗೆ ಬೆಳಕು ಬಿಡುವುದೇ ಇಲ್ಲ. ನೀರನ್ನು ಬ್ಲ್ಯಾಂಕ್ ಆಗಿಟ್ಟು ಇದನ್ನು ಅಳೆದಾಗ ಬರುವ ಟ್ರಾನ್ಸ್‌ಮಿಟೆನ್ಸ್ ನುಸುಳು ಬೆಳಕಿನದೇ. ರೀಡಿಂಗ್ 2ರ ಹತ್ತಿರ ನಿಂತುಬಿಟ್ಟರೆ ಅದು ಶೇ. 1ರಷ್ಟಿದೆ ಎಂದರ್ಥ, 3ರ ಹತ್ತಿರವಿದ್ದರೆ ಶೇ. 0.1. ದೀಪ ಬದಲಿಸಿದಾಗಲೆಲ್ಲ ಈ ಪರೀಕ್ಷೆ ನಡೆಸಿ ಲಾಗ್‌ಬುಕ್‌ನಲ್ಲಿ ಬರೆದಿಡಬೇಕೆಂಬುದು ನನ್ನ ಒತ್ತಾಯ. ತರಂಗಾಂತರದ ತಪಾಸಣೆಯಿಂದ ಇದು ತಿಳಿಯದು: ಹೋಲ್ಮಿಯಂ ಫಿಲ್ಟರ್‌ನ ಶಿಖರಗಳು ತಮ್ಮ ಜಾಗದಲ್ಲೇ ಇದ್ದರೂ ನುಸುಳು ಬೆಳಕು ಇರಬಹುದು.

ರೀಡಿಂಗ್ ಹೆಚ್ಚಿದ್ದರೆ ಸ್ಯಾಂಪಲ್‌ಗೆ ಬಫರ್ ಬೆರೆಸಿ ತೆಳು ಮಾಡುವುದು ರೂಢಿ. ಒಮ್ಮೆ ಅಳೆದುಬಿಡುವ ಪ್ರೋಟೀನ್, ಡಿಎನ್‌ಎಗಳಿಗೆ ಅದು ಸರಿ. ಕಿಣ್ವದ ಪರೀಕ್ಷೆಯಲ್ಲಿ ಮಾತ್ರ ಎನ್‌ಎಡಿಎಚ್ ಪ್ರಮಾಣ ಇಳಿಸಿದರೆ ಕ್ರಿಯೆಯ ವೇಗವೇ ಬದಲಾಗಬಹುದು. ಅಲ್ಲಿ 5 ಮಿ.ಮೀ. ಹಾದಿಯ ಕ್ಯುವೆಟ್ ಬಳಸುವುದು ಮೇಲು. ರಾಸಾಯನಿಕ ಕ್ರಿಯೆ ಹಾಗೇ ಉಳಿದು ಅಬ್ಸಾರ್ಬೆನ್ಸ್ ಅರ್ಧವಾಗುತ್ತದೆ. ಲೆಕ್ಕದಲ್ಲಿ ಹಾದಿಯ ಉದ್ದವನ್ನು 0.5 ಸೆಂ.ಮೀ. ಎಂದು ತಿದ್ದಿಕೊಳ್ಳಬೇಕು.