ಮೆಲ್ಬರ್ನ್: ಒಂದು ಭದ್ರಕೋಟೆಯ ಕಥೆ

ಚುನಾವಣಾ ಇತಿಹಾಸ ಓದುವಾಗಲೆಲ್ಲ ‘ಭದ್ರಕೋಟೆ’ ಎಂಬ ಪದದ ಬಗ್ಗೆ ನನಗೊಂದು ಅನುಮಾನ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ನಡುಭಾಗದಲ್ಲಿರುವ ಸಂಸತ್ ಕ್ಷೇತ್ರ ಅದನ್ನು ಗಟ್ಟಿ ಮಾಡಿದೆ.

1903ರಲ್ಲಿ ಇಲ್ಲಿ ಲೇಬರ್ ಪಕ್ಷದ ವಿಲಿಯಂ ಮಲೋನಿ ಅಲ್ಪ ಅಂತರದಿಂದ ಸೋತರು. ಅಂಚೆ ಮತಗಳ ಲೋಪದಿಂದ ಫಲಿತಾಂಶ ರದ್ದಾಯಿತು. 1904ರ ಉಪಚುನಾವಣೆಯಲ್ಲಿ ಗೆದ್ದರು. ಮುಂದಿನ 106 ವರ್ಷ ಕ್ಷೇತ್ರ ಲೇಬರ್ ಕೈಯಲ್ಲೇ ಇತ್ತು. 1940ರವರೆಗೆ ಮಲೋನಿ, ಆಮೇಲೆ 1972ರವರೆಗೆ ಆರ್ಥರ್ ಕಾಲ್ವೆಲ್. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ವಲಸಿಗರಿಗೆ ಬಾಗಿಲು ತೆರೆದ ಸಚಿವರು ಇವರೇ. ಬಿಳಿಯರಲ್ಲದವರನ್ನು ಹೊರಗಿಡುವ ನೀತಿಯ ಕಟ್ಟಾ ಸಮರ್ಥಕರೂ ಇವರೇ. ಇಂದು ಅದೇ ಕ್ಷೇತ್ರದಲ್ಲಿ ಏಷ್ಯಾ, ಆಫ್ರಿಕಾ ಮೂಲದ ಕುಟುಂಬಗಳಿವೆ. ಕಾರ್ಮಿಕರ ಹಳೆಯ ಓಣಿಗಳಿಗೆ ವಿದ್ಯಾವಂತ ಮಧ್ಯಮವರ್ಗ ಬಂದಿದೆ. ಕೋಟೆಯ ಹೆಸರು ಉಳಿಯಿತು, ಒಳಗಿನ ಜನ ಬದಲಾದರು.

ಅಲ್ಲಿ ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮಸಂಖ್ಯೆ ಕೊಡುತ್ತಾರೆ. ಯಾರಿಗೂ ಬಹುಮತ ಬಾರದಿದ್ದರೆ, ಕೊನೆಯಲ್ಲಿರುವವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಗಳನ್ನು ಮುಂದಿನ ಆಯ್ಕೆಗೆ ಸೇರಿಸುತ್ತಾರೆ. 2010ರಲ್ಲಿ ಮೊದಲ ಎಣಿಕೆಯಲ್ಲಿ ಎರಡನೆಯವರಾಗಿದ್ದ ಗ್ರೀನ್ಸ್ ಪಕ್ಷದ ಆಡಂ ಬ್ಯಾಂಟ್, ಲಿಬರಲ್ ಮತದಾರರ ಮುಂದಿನ ಆಯ್ಕೆಯ ಬಲದಿಂದ ಗೆದ್ದರು. 2025ರ ಹೊತ್ತಿಗೆ ಕ್ಷೇತ್ರದ ಗಡಿ ಬದಲಾಗಿತ್ತು. ಪಕ್ಷದ ನಾಯಕರೇ ಆಗಿದ್ದ ಬ್ಯಾಂಟ್ ಮೊದಲ ಎಣಿಕೆಯಲ್ಲಿ ಮುಂದಿದ್ದರೂ, ಅದೇ ಲೆಕ್ಕದಲ್ಲಿ ಲೇಬರ್‌ನ ಸಾರಾ ವಿಟಿ ಎದುರು ಸೋತರು.

ನಮ್ಮ ಲೋಕಸಭಾ ಚುನಾವಣೆಯಲ್ಲಿ ಸೋತವರಿಗೆ ಬಿದ್ದ ಮತದ ಮಾತು ಅಲ್ಲಿಗೇ ಮುಗಿಯುತ್ತದೆ. ಮೆಲ್ಬರ್ನ್‌ನಲ್ಲಿ ಎರಡೂ ಬಾರಿ ಕೋಟೆಯ ಬೀಗದ ಕೈ ಇದ್ದದ್ದು ಮೂರನೆಯ ಸ್ಥಾನದ ಪಕ್ಷಕ್ಕೆ ಮತ ಹಾಕಿದವರ ಬಳಿ.