ಫೈರ್ ಡೋರ್ ಸದಾ ತೆರೆದಿಟ್ಟರೆ ಸುರಕ್ಷಿತವೇ?

"ಮೆಟ್ಟಿಲ ಬಳಿಯ ಭಾರದ ಬಾಗಿಲನ್ನು ಯಾವಾಗಲೂ ತೆರೆದಿಡಿ, ಬೆಂಕಿ ಬಿದ್ದರೆ ಓಡಲು ಸುಲಭ." ಕೇಳಲು ಸರಿಯೆನಿಸುವ ಈ ಸಲಹೆ ತಪ್ಪು. ಮೈಸೂರಿನ ಕುವೆಂಪುನಗರದಂಥ ಬಡಾವಣೆಯಲ್ಲಿ, ಕೆಳಗೆ ಅಂಗಡಿ, ಮೇಲೆ ಕೋಚಿಂಗ್ ಸೆಂಟರ್ ಇರುವ ಕಟ್ಟಡಗಳಿಗೆ ಮಕ್ಕಳನ್ನು ಕಳಿಸುವವರು ಇದನ್ನು ಫಾರ್ವರ್ಡ್ ಮಾಡುವ ಮುನ್ನ ಮುಂದೆ ಓದಿ.

ಕಟ್ಟಡಕ್ಕೆ ಬೆಂಕಿ ಬಿದ್ದಾಗ ಜ್ವಾಲೆಗಿಂತ ಹೊಗೆಯೇ ಹೆಚ್ಚು ಜೀವ ತೆಗೆಯುತ್ತದೆ. ಬಿಸಿ ಹೊಗೆ ಮೇಲಕ್ಕೇರುತ್ತದೆ. ಬಾಗಿಲಿಗೆ ಇಟ್ಟಿಗೆಯನ್ನೋ ಕುಂಡವನ್ನೋ ಒತ್ತಿಟ್ಟಿದ್ದರೆ ಮೆಟ್ಟಿಲಿನ ಜಾಗವೇ ಚಿಮಣಿಯಾಗುತ್ತದೆ, ಜನ ಇಳಿಯಬೇಕಾದ ದಾರಿಯೇ ಮೊದಲು ಹೊಗೆಯಿಂದ ತುಂಬುತ್ತದೆ.

ಹಾಗಾದರೆ ಬೀಗ ಹಾಕಬಹುದೇ? ಅದು ಇನ್ನೂ ಅಪಾಯ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನ ವಿದ್ಯುತ್ ಶಾಫ್ಟ್‌ನಿಂದ ಹೊಗೆ ಮಹಡಿಗಳಿಗೆ ಹರಡಿತು. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು ಎಂದು ಆಗ ವರದಿಯಾಗಿತ್ತು. ಉಸಿರುಗಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಒಟ್ಟು 9 ಮಂದಿ ಸತ್ತರು.

ಅಂದರೆ ಫೈರ್ ಡೋರ್ ಮುಚ್ಚಿರಬೇಕು, ಆದರೆ ಬೀಗ ಇರಬಾರದು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗ ಹೇಳುವುದೂ ಇದನ್ನೇ: ನಿರ್ಗಮನದ ಬಾಗಿಲು ಒಳಗಿನವರಿಗೆ ಕೀಲಿಯಿಲ್ಲದೆ ತೆರೆಯಬೇಕು. ಜನರು ಓಡುವ ದಿಕ್ಕಿಗೇ ತೆರೆದುಕೊಳ್ಳಬೇಕು. ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯದ ನಿಯಮಗಳು ಮತ್ತು ಸ್ಥಳೀಯ ಬೈಲಾಗಳ ಮೂಲಕ ಅದು ಜಾರಿಗೆ ಬರುತ್ತದೆ. ಯಾವ ಕಟ್ಟಡಕ್ಕೆ ಯಾವ ಬಾಗಿಲು ಎಂಬುದು ಎತ್ತರ ಮತ್ತು ಬಳಕೆಯ ಮೇಲೆ ನಿರ್ಧಾರವಾಗುತ್ತದೆ.

'120 ನಿಮಿಷ' ಎಂದು ಬರೆದಿದ್ದರೆ, ಪರೀಕ್ಷಾ ಕುಲುಮೆಯಲ್ಲಿ ಬಾಗಿಲು ಅಷ್ಟು ಹೊತ್ತು ಬೆಂಕಿಯನ್ನು ತಡೆದಿದೆ ಎಂದರ್ಥ. ಪರೀಕ್ಷೆ ಹಲಗೆಗೆ ಮಾತ್ರವಲ್ಲ, ಚೌಕಟ್ಟು, ಕೀಲು, ಚಿಲಕ ಎಲ್ಲ ಸೇರಿದ ಇಡೀ ಜೋಡಣೆಗೆ. ಇದಕ್ಕೆ ಐಎಸ್ 3614 ಎಂಬ ಭಾರತೀಯ ಮಾನದಂಡವಿದೆ. ಅಂಚಿನ ಪಟ್ಟಿ ಬಿಸಿಗೆ ಊದಿಕೊಂಡು ಸಂದು ಮುಚ್ಚುತ್ತದೆ. ಆಮೇಲೆ ಬಡಗಿಯನ್ನು ಕರೆಸಿ ತೂತು ಕೊರೆದು ಅಗ್ಗದ ಬೋಲ್ಟ್ ಹಾಕಿಸಿದರೆ ಆ 120ಕ್ಕೆ ಖಾತ್ರಿಯಿಲ್ಲ. ನಮ್ಮ ಪ್ರಕಾರ ಹೆಚ್ಚು ಹಾಳಾಗುವುದು ಇಲ್ಲೇ: ದುಬಾರಿ ಬಾಗಿಲು, ಮೂರು ಕಾಸಿನ ಚಿಲಕ.

ಕಳ್ಳರ ಭಯವೇ? ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪ್ಯಾನಿಕ್ ಬಾರ್ ಸಿಗುತ್ತದೆ. ಓಡಾಟ ಹೆಚ್ಚಿರುವಲ್ಲಿ ಬಾಗಿಲನ್ನು ಹಿಡಿದಿಟ್ಟು, ಅಲಾರಂ ಆದೊಡನೆ ಬಿಡುವ ಅಯಸ್ಕಾಂತವೂ ಇದೆ.

ಪರೀಕ್ಷಿಸುವುದು ಸುಲಭ. ಬಾಗಿಲನ್ನು ಪೂರ್ತಿ ತೆರೆದು ಕೈಬಿಡಿ. ಅದು ತಾನೇ ಮುಚ್ಚಿ, ಚಿಲಕ ಬೀಳಬೇಕು. ಬೀಳದಿದ್ದರೆ, ಅಥವಾ ಬೀಗ ಕಂಡರೆ, ಕಟ್ಟಡದ ಮಾಲೀಕರಿಗೆ ಹೇಳಿ. ಕೇಳದಿದ್ದರೆ ಫೋಟೊ ಸಮೇತ ಅಗ್ನಿಶಾಮಕ ಇಲಾಖೆಗೆ ಲಿಖಿತ ದೂರು ಕೊಡಿ.